ಮೊಳೆ ಕೀಳುವ ಮುನ್ನ ಕೇಳುವ ಅಕ್ಕ

ಬೆಳಗಿನ ಐದೂಕಾಲು. ಆಸ್ಪತ್ರೆಯ ಸ್ಕ್ಯಾನಿಂಗ್ ವಿಭಾಗದ ಹಿಂದೆ ಕಿಟಕಿಯಿಲ್ಲದ ಒಂದು ಕೋಣೆ. ಎರಡು ಕಬ್ಬಿಣದ ಕಪಾಟುಗಳಲ್ಲಿ ಕಂಪ್ಯೂಟರುಗಳು ಗುಂಯ್‌ಗುಡುತ್ತಿವೆ, ಏಸಿ ಹಲ್ಲು ಕಟಕಟಿಸುವಷ್ಟು ತಣ್ಣಗೆ ಬೀಸುತ್ತಿದೆ. ಐವತ್ತೊಂದು ವರ್ಷದ ಹೆಂಗಸೊಬ್ಬಳು ಒಳಗೆ ಬಂದು, ಬಾಗಿಲ ಹಿಂದಿನ ಸ್ವೆಟರ್ ಹಾಕಿಕೊಂಡು, ಪ್ಲಾಸ್ಟಿಕ್ ಕುರ್ಚಿಯನ್ನು ಪರದೆಯ ಮುಂದೆ ಎಳೆದುಕೊಳ್ಳುತ್ತಾಳೆ. ಪರದೆಯಲ್ಲಿ ನಲವತ್ತೆಂಟು ಸಾಲುಗಳ ಪಟ್ಟಿ. ಬೆರಳಿಟ್ಟು ಓದುತ್ತ ಹೋಗುವ ಅವಳು ಹದಿನೇಳನೆಯ ಸಾಲಿನಲ್ಲಿ ನಿಂತು ಫೋನ್ ಎತ್ತುತ್ತಾಳೆ.

"ಡಾಕ್ಟ್ರೇ, ಎರಡನೇ ಪರದೆಯಲ್ಲಿ ತೆರೆದ ಮೊಣಕಾಲು ನೋಡಿ ಆಯ್ತಾ?"

ಆ ಕಡೆ ರಾತ್ರಿ ಪಾಳಿಯ ವೈದ್ಯರು. "ಯಾವ ಮೊಣಕಾಲು?"

"ಎಡಗಾಲು. ಆಗಿಂದ ಹಿಡ್ಕೊಂಡೇ ಇದೀರಿ."

"ನಾನೆಲ್ಲಿ ಹಿಡ್ಕೊಂಡೆ ಅಕ್ಕ? ನಾನು ಮಲಗಿದ್ದೆ!"

"ನೀವು ಮಲಗಿದ್ರಿ, ಪರದೆ ಮಲಗಿಲ್ಲ. ಮುಚ್ಚಿಬಿಡ್ಲಾ?"

ಅನುಮತಿ ಸಿಗುತ್ತದೆ. ಅವಳು ಕೀಲಿಮಣೆಯಲ್ಲಿ ಎರಡು ಸಾಲು ಹೊಡೆದು, ಉತ್ತರ ಬರುವವರೆಗೆ ಕಾದು, ಮೂರನೆಯದನ್ನು ಹೊಡೆಯುತ್ತಾಳೆ. ಕಂಪ್ಯೂಟರಿನ ಮೆಮೊರಿಯಲ್ಲಿ ಸಿಕ್ಕಿಕೊಂಡಿದ್ದ ಒಂದು ಜಾಗ ಖಾಲಿಯಾಯಿತು. ಇಂದು ಇಂಥವು ಎಂಟಿವೆ. ಏಳಕ್ಕೆ ಮೊದಲ ರೋಗಿ ಬರುವಷ್ಟರಲ್ಲಿ ಎಂಟನ್ನೂ ಬಿಡಿಸಬೇಕು. ಆದರೆ ಇಂದು ಅವಳ ಚಿಂತೆ ಅದಲ್ಲ. ಆರಕ್ಕೆ ಎಂಜಿನಿಯರ್ ಬರುತ್ತಾನೆ. ಸೋಮವಾರದಿಂದ ಈ ಬಿಡಿಸುವ ಕೆಲಸವನ್ನು ಅವನು ಬರೆದ ಪ್ರೋಗ್ರಾಂ ತಾನೇ ಮಾಡಲಿದೆ. ಅದು ತಪ್ಪು ಮಾಡುತ್ತದೆಂದು ಅವಳು ಪಟ್ಟು ಹಿಡಿದಿದ್ದಾಳೆ. "ತೋರಿಸಿ ನೋಡೋಣ" ಎಂದು ಅವನು ಕೊಟ್ಟಿರುವುದು ಈ ಶನಿವಾರದ ಒಂದು ಗಂಟೆ ಮಾತ್ರ.

ಇಲ್ಲಿ ಎಲ್ಲರೂ ಅವಳನ್ನು 'ಬಿಡಿಸೋ ಅಕ್ಕ' ಎನ್ನುತ್ತಾರೆ. ಹಾಜರಿ ಪುಸ್ತಕದಲ್ಲಿ ಈಗಲೂ ಅಟೆಂಡರ್. ಹತ್ತೊಂಬತ್ತು ವರ್ಷದ ಹಿಂದೆ ಬಂದಾಗ ಎಕ್ಸ್‌ರೇ ಫಿಲಂಗಳ ಕಪಾಟು ಕಾಯುವುದು, ಯಾರು ಯಾವ ಫಿಲಂ ಒಯ್ದರು ಎಂದು ಬರೆದಿಡುವುದು ಅವಳ ಕೆಲಸ. ಫಿಲಂ ಹೋಗಿ ಕಂಪ್ಯೂಟರ್ ಬಂದಾಗ ಉಳಿದವರು ಬೇರೆ ವಿಭಾಗಗಳಿಗೆ ಚದುರಿದರು. ಇವಳು ಮಾತ್ರ ಆಗಿನ ತಂತ್ರಜ್ಞರ ಹಿಂದೆ ಬಿದ್ದು, ಅವರು ಒತ್ತುವ ಒಂದೊಂದು ಆದೇಶವನ್ನೂ ಕನ್ನಡ ಅಕ್ಷರದಲ್ಲಿ ನೋಟುಪುಸ್ತಕಕ್ಕೆ ಇಳಿಸಿಕೊಂಡಳು. ಓದಿದ್ದು ಒಂಬತ್ತನೇ ತರಗತಿ. "ಆಗ್ಲೂ ಇದೇ ಕೆಲ್ಸ, ಈಗ್ಲೂ ಇದೇ. ಯಾರ ಕೈಲಿದೆ, ವಾಪಸ್ ಬಂತಾ? ಕಪಾಟು ಕಾಣಲ್ಲ, ಅಷ್ಟೇ" ಎನ್ನುತ್ತಾಳೆ. ಮನೆಯಲ್ಲಿ ನಾದಿನಿಗೆ ಮಾತ್ರ ಇದು ಇನ್ನೂ ತಮಾಷೆ: "ನಮ್ಮತ್ತಿಗೆ ದಿನಾ ಬೆಳಿಗ್ಗೆ ಕಂಪ್ಯೂಟರಿಗೆ ಸಿಕ್ಕು ಬಿಡಿಸಕ್ಕೆ ಹೋಗ್ತಾರೆ. ಎಣ್ಣೆ ಬಾಟ್ಲಿ ಬೇಕಾ ಅತ್ತಿಗೆ?"

ಕೆಲಸ ಏನೆಂದು ಕೇಳಿದರೆ ಅವಳು ನೀರಿನ ಕೊಡದಿಂದ ಶುರು ಮಾಡುತ್ತಾಳೆ. ಕಂಪ್ಯೂಟರು ತನ್ನ ಮೆಮೊರಿಯೊಳಗಿನ ಸಾಮಾನನ್ನು ಸುಮ್ಮನೆ ಇಟ್ಟಲ್ಲೇ ಇಡುವುದಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ಸರಿಸಿದಂತೆ ಬೇಡದ್ದನ್ನು ಆಚೆ, ಬೇಕಾದ್ದನ್ನು ಈಚೆ ಮಾಡುತ್ತಲೇ ಇರುತ್ತದೆ. ಆದರೆ ನಲ್ಲಿ ಸುರಿಯುತ್ತಿರುವಾಗ ಕೆಳಗಿನ ಕೊಡ ಸರಿಸುವಂತಿಲ್ಲ. ಸ್ಕ್ಯಾನ್ ಯಂತ್ರದ ಚಿತ್ರವನ್ನು ಕಂಪ್ಯೂಟರಿನೊಳಗೆ ಸಿಕ್ಕಿಸಿದ ಒಂದು ಕಾರ್ಡು ನೇರವಾಗಿ ಮೆಮೊರಿಗೆ ಸುರಿಯುತ್ತದೆ. ಸುರಿದು ಮುಗಿಯುವವರೆಗೆ ಆ ಜಾಗವನ್ನು ಮೊಳೆ ಹೊಡೆದಂತೆ ಕದಲದ ಹಾಗೆ ಹಿಡಿದಿಡಬೇಕು. ಅಂಥ ನಲವತ್ತೆಂಟು ಜಾಗಗಳಿವೆ. ದಿನಕ್ಕೆ ಅರವತ್ತು ಚಿಲ್ಲರೆ ರೋಗಿಗಳು. ಒಬ್ಬರ ಫೈಲನ್ನು ಚಿತ್ರ ಪಡೆಯುವ ಪ್ರೋಗ್ರಾಂ ಹಿಡಿದಿರುತ್ತದೆ, ವೈದ್ಯರ ಪರದೆ ಹಿಡಿದಿರುತ್ತದೆ, ನಕಲು ತೆಗೆಯುವ ಪ್ರೋಗ್ರಾಂ ಕೂಡ ಹಿಡಿದಿರುತ್ತದೆ. ಮೂವರೂ ಕೈಬಿಟ್ಟರೆ ಜಾಗ ವಾಪಸ್. ಒಬ್ಬರು ಮರೆತರೂ, ಬಿಡುವ ಮುಂಚೆ ಕೆಟ್ಟು ನಿಂತರೂ ಅದು ಹಾಗೇ ಸಿಕ್ಕಿಕೊಳ್ಳುತ್ತದೆ. ದಿನಕ್ಕೆ ಆರೋ ಒಂಬತ್ತೋ ಸಿಕ್ಕಿಕೊಂಡರೆ, ವಾರೊಪ್ಪತ್ತಿನಲ್ಲಿ ಹೊಸ ರೋಗಿಗೆ ಜಾಗವೇ ಇಲ್ಲ.

ಒಂದೊಂದು ಜಾಗವನ್ನೂ ಯಾರು ಹಿಡಿದಿದ್ದಾರೆಂಬ ಹೆಸರುಗಳ ಪಟ್ಟಿ ಪರದೆಯ ಮೇಲೇ ಇದೆ. ಪಟ್ಟಿ ಖಾಲಿಯಿದ್ದರೆ ಜಾಗ ಬಿಡಿಸು: ಎಂಜಿನಿಯರನ ನಿಯಮ ಇಷ್ಟೇ. ಆರು ವರ್ಷದ ಹಿಂದೆ ಅವಳ ನಿಯಮವೂ ಇದೇ ಆಗಿತ್ತು.

"ಒಂದಿನ ಪಟ್ಟಿಯಲ್ಲಿ ಯಾರ ಹೆಸರೂ ಇರ್ಲಿಲ್ಲ. ಚಿತ್ರ ತಗೊಳ್ಳೋ ಪ್ರೋಗ್ರಾಂ ಅರ್ಧದಲ್ಲೇ ಸತ್ತೋಗಿತ್ತು. ನಾನು ಖಾಲಿ ಅಂದ್ಕೊಂಡು ಬಿಡಿಸ್ಬಿಟ್ಟೆ. ಆದ್ರೆ ಪಟ್ಟಿಯಲ್ಲಿ ಬರೋದು ಪ್ರೋಗ್ರಾಂ ಹೆಸರು. ಕಾರ್ಡಿನ ಹೆಸರು ಬರಲ್ಲ. ಅದಿನ್ನೂ ಸುರೀತಾನೇ ಇತ್ತು." ಅದೇ ಜಾಗ ಮುಂದಿನ ರೋಗಿಗೆ ಹೋಯಿತು. ಒಬ್ಬ ಬಡಗಿಯ ಬೆನ್ನುಮೂಳೆಯ ಚಿತ್ರದಲ್ಲಿ ಯಾವುದೋ ಮಗುವಿನ ಹಿಮ್ಮಡಿಯ ಒಂದು ಪಟ್ಟೆ ಬಂದು ಕೂತಿತು. ವೈದ್ಯರು ನಕ್ಕರು, ಯಂತ್ರ ಕೆಟ್ಟಿದೆ ಎಂದರು. ಬೆನ್ನು ನೆಟ್ಟಗಾಗದ ಆ ಬಡಗಿ ಮತ್ತೊಮ್ಮೆ ಎರಡು ಬಸ್ಸು ಹತ್ತಿಳಿದು ಬಂದ. ಯಾರೂ ಅವಳನ್ನು ಅನುಮಾನಿಸಲಿಲ್ಲ. ಮೂರು ದಿನ ಅನ್ನ ಇಳಿಯದೆ, ನಾಲ್ಕನೆಯ ದಿನ ತಾನೇ ಹೋಗಿ ಹೇಳಿಕೊಂಡಳು. "ಹಿಮ್ಮಡಿ ಆಗಿದ್ದಕ್ಕೆ ಗೊತ್ತಾಯ್ತು. ಶ್ವಾಸಕೋಶದ ಮೇಲೆ ಇನ್ನೊಬ್ಬರ ಶ್ವಾಸಕೋಶ ಬಿದ್ದಿದ್ರೆ? ಗಡ್ಡೆ ಅಂದ್ಕೊಂಡು ಕುಯ್ದೇಬಿಡ್ತಿದ್ರು."

ಅಂದಿನಿಂದ ಅವಳ ಕ್ರಮ ಬೇರೆ. ಮೊದಲು ಕಾರ್ಡಿಗೆ ನಿಲ್ಲು ಎನ್ನಬೇಕು. ನಿಂತೆ ಎಂದು ಅದು ಉತ್ತರಿಸಬೇಕು. ಆಮೇಲೆ ಫೈಲು ಮುಚ್ಚಬೇಕು. ಮೊಳೆ ಕೀಳುವುದು ಕಟ್ಟಕಡೆಗೆ.

ಆರಕ್ಕೆ ಸರಿಯಾಗಿ ಎಂಜಿನಿಯರ್ ಬರುತ್ತಾನೆ. ಮೂವತ್ತು ದಾಟದ, ಕಾಲಿಗೆ ಚಕ್ರ ಕಟ್ಟಿಕೊಂಡಂತೆ ಓಡಾಡುವ ಹುಡುಗ. ಕೆಟ್ಟವನಲ್ಲ. "ಅಕ್ಕ, ನಿಮಗೂ ಐದಕ್ಕೆ ಏಳೋದು ತಪ್ಪುತ್ತೆ. ಯಾಕೆ ಬೇಡ ಅಂತೀರಿ?"

"ಬೇಡ ಅಂದ್ನಾ? ಅವಸರ ಮಾಡ್ಬೇಡಿ ಅಂದೆ."

ಯಂತ್ರ ಸರಿಯಿದೆಯೇ ಎಂದು ನೋಡಲು ವಿಭಾಗದಲ್ಲಿ ಎರಡು ಪರೀಕ್ಷಾ ವಸ್ತುಗಳಿವೆ: ನೀರು ತುಂಬಿದ ಪ್ಲಾಸ್ಟಿಕ್ ಡಬ್ಬ, ಒಳಗೆ ಗುಂಡುಗಳಿರುವ ಚೌಕಾಕಾರದ ಪ್ಲಾಸ್ಟಿಕ್ ಗಟ್ಟಿ. ಅವಳು ಗಟ್ಟಿಯನ್ನು ಸ್ಕ್ಯಾನಿಗಿಟ್ಟು, ನಡುವೆ ಚಿತ್ರ ಪಡೆಯುವ ಪ್ರೋಗ್ರಾಮನ್ನು ಕೊಲ್ಲುತ್ತಾಳೆ. ಪಟ್ಟಿ ಖಾಲಿ. ಅವನ ಪ್ರೋಗ್ರಾಂ ತಕ್ಷಣ ಜಾಗ ಬಿಡಿಸುತ್ತದೆ. ಪ್ರೋಗ್ರಾಮನ್ನು ಎಬ್ಬಿಸಿ, ಗಟ್ಟಿ ತೆಗೆದು ಡಬ್ಬ ಇಟ್ಟು ಮತ್ತೆ ಸ್ಕ್ಯಾನ್. ಡಬ್ಬದ ಚಿತ್ರ ಕನ್ನಡಿಯಂತೆ ಸ್ವಚ್ಛ. ಇನ್ನೊಮ್ಮೆ. ಮತ್ತೂ ಸ್ವಚ್ಛ.

"ಏನೂ ಆಗ್ಲಿಲ್ವಲ್ಲ ಅಕ್ಕ."

"ಇದೇ ಇದರ ಬುದ್ಧಿ. ದಿನಾ ಆಗಲ್ಲ. ಕಾರ್ಡು ತಡವರಿಸಿದಾಗ ಮಾತ್ರ ಆಗೋದು."

ಐದು ಬಾರಿ, ಆರು ಬಾರಿ. ಆರೂ ಐವತ್ತು. ಹೊರಗಿನ ಬೆಂಚಿನಲ್ಲಿ ಕುತ್ತಿಗೆ ಹಿಡಿದುಕೊಂಡ ಗಂಡಸೊಬ್ಬ ಬಂದು ಕೂತಾಗಿದೆ. ಎಂಜಿನಿಯರ್ ಗಡಿಯಾರ ನೋಡುತ್ತಾನೆ. "ಕೊನೇದು" ಎನ್ನುತ್ತಾನೆ, ಬೇಸರವನ್ನು ಮರೆಮಾಚಲು ಹೋಗದೆ. ಅವಳು ಗಟ್ಟಿ ಇಟ್ಟು, ಪ್ರೋಗ್ರಾಂ ಕೊಂದು, ಡಬ್ಬ ಇಡುತ್ತಾಳೆ.

ಪರದೆಯ ಮೇಲೆ ಡಬ್ಬ ಮೂಡುತ್ತದೆ. ಬರೀ ನೀರಿರಬೇಕಾದ ಕಡೆ, ಎಡ ಅಂಚಿನಿಂದ ಎರಡು ಬೆರಳಗಲಕ್ಕೆ, ಮೂರು ಗುಂಡುಗಳು.

ಎಂಜಿನಿಯರ್ ಬಗ್ಗಿ ನೋಡುತ್ತಾನೆ. ಪಟ್ಟಿ ನೋಡುತ್ತಾನೆ, ಮತ್ತೆ ಗುಂಡುಗಳನ್ನು ನೋಡುತ್ತಾನೆ. "ಪಟ್ಟಿ ಖಾಲಿ ಇತ್ತಲ್ಲ..." ಅವನ ದನಿ ಇಳಿದಿದೆ. "ನಾನು ಕಾರ್ಡನ್ನ ಕೇಳ್ಲೇ ಇಲ್ಲ."

"ನಾನೂ ಕೇಳಿರ್ಲಿಲ್ಲ" ಎನ್ನುತ್ತಾಳೆ ಅವಳು. ಗೆದ್ದವರ ದನಿಯಲ್ಲ. ಅಷ್ಟು ಹೇಳಿ, ಬೆಂಚಿನ ಮೇಲಿನ ಗಂಡಸಿಗೆ ಜಾಗ ಸಿದ್ಧಮಾಡಲು ಕೂರುತ್ತಾಳೆ, ತನ್ನ ಕ್ರಮದಲ್ಲೇ.

ಸೋಮವಾರ ಪ್ರೋಗ್ರಾಂ ಶುರುವಾಗಲಿಲ್ಲ, ಗುರುವಾರ ಶುರುವಾಯಿತು. ನಡುವಿನ ಮೂರು ದಿನ ಅವಳು ಹೇಳುತ್ತ ಹೋದಳು, ಅವನು ಬರೆಯುತ್ತ ಹೋದ. ಕಾರ್ಡು ಎಷ್ಟು ಹೊತ್ತು ತಡವರಿಸಬಹುದು, ಉತ್ತರ ಯಾವಾಗ ನಂಬಬಹುದು, ಯಾವ ಪರದೆಯನ್ನು ಕೇಳದೆ ಮುಚ್ಚಬಾರದು, ಇದೆಲ್ಲ ಅವಳ ತಲೆಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಈಗ ಅವಳು ಬರುವುದು ಎಂಟು ಗಂಟೆಗೆ. ನಾದಿನಿಯ ಜೊತೆ ಕೂತು ತಿಂಡಿ ತಿಂದೇ ಹೊರಡುತ್ತಾಳೆ. "ಮೊದಲ ವಾರ ಐದಕ್ಕೇ ಎಚ್ಚರ ಆಗ್ತಿತ್ತು. ಎದ್ದು ಏನ್ಮಾಡೋದು ಅಂತ ಗೊತ್ತಾಗ್ದೆ ಸುಮ್ನೆ ಕೂತಿರ್ತಿದ್ದೆ" ಎಂದು ಒಪ್ಪಿಕೊಳ್ಳುತ್ತಾಳೆ.

ಮೊದಲ ಎರಡು ವಾರದಲ್ಲಿ ಪ್ರೋಗ್ರಾಂ ತೊಂಬತ್ತನಾಲ್ಕು ಜಾಗಗಳನ್ನು ತಾನೇ ಬಿಡಿಸಿದೆ. ಮೂರನ್ನು ಮುಟ್ಟಿಲ್ಲ. ಮೂರರಲ್ಲೂ ಕಾರ್ಡು ಉತ್ತರ ಕೊಟ್ಟಿರಲಿಲ್ಲ. ಅವು ಅವಳು ಬರುವವರೆಗೆ ಹಾಗೇ ಉಳಿದವು. ಅಂಥವನ್ನೂ ಪ್ರೋಗ್ರಾಂ ತಾನೇ ಬಿಡಿಸುವಂತೆ ಮಾಡಲಾಗದೇ ಎಂದು ಮೇಲಿನವರು ಎಂಜಿನಿಯರನ್ನು ಕೇಳಿದ್ದಾರೆ, ಅವನು ಇವಳನ್ನು ಕೇಳಿದ್ದಾನೆ.

ಅವಳು ತಲೆಯಾಡಿಸುತ್ತಾಳೆ. "ಬೇಡ. ಉತ್ತರ ಬರದೇ ಇದ್ರೆ ಕೈ ಕಟ್ಕೊಂಡು ಸುಮ್ನಿರೋದನ್ನ ಕಲಿಸಿದೀನಿ. ಕಲಿಸಕ್ಕೆ ಕಷ್ಟ ಆಗಿದ್ದೇ ಅದು."