ಎಡಗಡೆ ಸೀಟಿನ ಹನಿ

ಮೇಸ್ತ್ರಿಯ ಎರಡೂ ಹೆಬ್ಬೆರಳು ಹಿಂದಕ್ಕೆ ಬಾಗಿಹೋಗಿದ್ದವು. ಗಾಡಿಗಳ ಮುಂದಿನ ಗ್ಲಾಸಿನ ಸುತ್ತ ರಬ್ಬರ್ ಒತ್ತಿ ಒತ್ತಿ ಹಾಗಾದದ್ದು. ಚಹಾದ ಲೋಟವನ್ನೂ ಉಳಿದ ಬೆರಳುಗಳಲ್ಲೇ ಹಿಡಿಯುತ್ತಿದ್ದರು.

ರಾಯದುರ್ಗದ ಬಳ್ಳಾರಿ ರಸ್ತೆಯಲ್ಲಿ ಅವರ ಅಂಗಡಿ. ಅಂಗಡಿ ಅಂದರೆ ಮೇಲೊಂದು ತಗಡು, ಕೆಳಗೊಂದು ಬೆಂಚು, ಗೋಡೆಗೆ ಒರಗಿಸಿದ ಹಳೇ ಗ್ಲಾಸುಗಳು. ಸಿಟ್ಟು ಮೂಗಿನ ತುದಿಯಲ್ಲೇ. ಅವಸರ ಮಾಡಿದವರಿಗೆ, "ಹಂಗಾರ ಛತ್ರಿ ಹಿಡ್ಕೊಂಡು ಗಾಡಿ ಓಡಸ್ರಿ" ಅನ್ನುತ್ತಿದ್ದರು. ನಮ್ಮೊಂದಿಗಿನ ಜಗಳವೆಲ್ಲ ಕನ್ನಡದಲ್ಲಿ. ಗ್ಲಾಸಿನ ಜೊತೆ ಮಾತ್ರ ತೆಲುಗು. ಅದನ್ನು ಬಿಚ್ಚುವಾಗ ಮಗುವನ್ನು ರಮಿಸುವ ಹಾಗೆ "ಮೆಲ್ಲಗಾ ರಾಮ್ಮಾ, ಮೆಲ್ಲಗಾ", ಮೆಲ್ಲಗೆ ಬಾರಮ್ಮಾ, ಎನ್ನುವರು.

ನನ್ನದು ಜೀನ್ಸ್ ಹೊಲಿಯುವ ಯೂನಿಟ್‌ಗಳ ಗಂಟು ಸಾಗಿಸುವ ಹಳೇ ವ್ಯಾನು. ವಾರಕ್ಕೆರಡು ದಿನ ಅದರಲ್ಲಿ ಗಂಟಿಲ್ಲ, ನನ್ನ ಹೆಂಡತಿ. ಬಳ್ಳಾರಿಗೆ, ಡಯಾಲಿಸಿಸ್‌ಗೆ. ವಾಪಸು ಬರುವಾಗ ಬಸ್ಸಿನಲ್ಲಿ ಕೂರುವ ತ್ರಾಣ ಅವಳಿಗಿರುವುದಿಲ್ಲ. ವ್ಯಾನಿನ ಹಿಂದೆ ಸೀಟಿಲ್ಲ, ನನ್ನ ಪಕ್ಕದ ಎಡಗಡೆ ಸೀಟೇ ಗತಿ. ಮಳೆ ಬಂದರೆ ಗ್ಲಾಸಿನ ಮೂಲೆಯಿಂದ ನೀರಿಳಿದು ಅವಳ ಹೆಗಲು ತೋಯುತ್ತಿತ್ತು. ಮನೆ ಮುಟ್ಟುವಷ್ಟರಲ್ಲಿ ಹಲ್ಲು ಕಟಕಟ. ಟವೆಲ್ ಹೊದಿಸಿ, ಪ್ಲಾಸ್ಟಿಕ್ ಕಟ್ಟಿ, ನನಗೂ ಸಾಕಾಗಿಹೋಗಿತ್ತು. ಕಡೆಗೊಂದು ದಿನ ಅವಳು, "ಇನ್ನ ನಾ ಬರಂಗಿಲ್ರಿ. ಅಲ್ಲಿ ಸೂಜಿ, ಇಲ್ಲಿ ನೀರು. ಸಾಕು" ಅಂದಳು. ಬೈಯಲೂ ನನ್ನಲ್ಲಿ ಶಕ್ತಿ ಇರಲಿಲ್ಲ. ಅವಳನ್ನೂ ಕೂರಿಸಿಕೊಂಡು ವ್ಯಾನನ್ನು ಮೇಸ್ತ್ರಿ ಹತ್ತಿರ ತಂದೆ.

ಮೇಸ್ತ್ರಿಯದೊಂದು ಪದ್ಧತಿ. ಕೆಲಸ ಮುಗಿದ ಮೇಲೆ ಒಗೆದ ಬಿಳಿ ಅಂಗಿ ಹಾಕಿಕೊಂಡು ತಾವೇ ಗಾಡಿಯೊಳಗೆ ಕೂರುವರು. ಹೊರಗಿನಿಂದ ಗಾಡಿಯವರು ಗ್ಲಾಸಿನ ಮೇಲೆ ನೀರು ಸುರಿಯಬೇಕು. "ಕೊಳಕ ಅಂಗಿ ಮ್ಯಾಲ ಹನಿ ಬಿದ್ರ ಹೆಂಗ ಗೊತ್ತಾಗತೈತ್ರಿ?" ಅವತ್ತು ಮೂಲೆಗೆ ಅಂಟು ಬಳಿದು, ಅಂಗಿ ತೊಟ್ಟು, ಎಡಗಡೆ ಸೀಟಿನಲ್ಲಿ ನೆಟ್ಟಗೆ ಕೂತರು. ನಾನು ಕೊಡಗಟ್ಟಲೆ ಸುರಿದೆ. ಒಂದು ಹನಿಯೂ ಬೀಳಲಿಲ್ಲ. "ಆತು, ಹೋಗ್ರಿ" ಎಂದು ಇಳಿದರು.

ಬೆಂಚಿನ ಮೇಲಿದ್ದ ನನ್ನ ಹೆಂಡತಿ ರೇಗಿದಳು. "ಏನ್ ಆತು? ನೀವು ಮದುಮಗನಂಗ ಕುಂತ್ರಲ್ಲ, ನಾ ಹಂಗ ಕುಂದ್ರತೀನೇನು? ಬರೋವಾಗ ನನ್ನ ಕುತ್ತಿಗಿ ನಿಲ್ಲಂಗಿಲ್ಲ ಅಣ್ಣ. ಬಾಗಿಲಿಗೆ ತಲಿ ಕೊಟ್ಟು ಬಿದ್ದಿರತೀನಿ."

ಎದುರು ಮಾತಾಡಿದವರನ್ನು ಮೇಸ್ತ್ರಿ ಸುಮ್ಮನೆ ಬಿಟ್ಟವರಲ್ಲ. ಅವತ್ತು ಮಾತ್ರ ಮತ್ತೆ ವ್ಯಾನು ಹತ್ತಿ, "ಹಿಂಗೇನಕ್ಕಾ?" ಎಂದು ಅವಳನ್ನೇ ಕೇಳುತ್ತ, ಬಾಗಿಲಿಗೆ ತಲೆ ಆನಿಸಿ, ಕೈಕಾಲು ಸಡಿಲ ಬಿಟ್ಟು ಒರಗಿದರು. ನಾನು ನೀರು ಸುರಿದೆ. ಅವರ ಕಿವಿಯ ಹಿಂದೆ ತಟಕ್ಕನೆ ಒಂದು ಹನಿ, ಮತ್ತೊಂದು. ಬಿಳಿ ಕಾಲರ್ ತೋಯಿತು. ನಾನು ಕೊಡ ಇಳಿಸಿದರೂ ಅವರು ಏಳಲಿಲ್ಲ.

"ಬಳ್ಳಾರಿಯಿಂದ ಇಲ್ಲೀತನ ಹಿಂಗ ಬರತಿಯೇನವ್ವಾ?" ಅಂದರು. ಆ ಸಿಡುಕು ಮನುಷ್ಯನ ಮೇಲೆ ನನಗೆ ಅವತ್ತೇ ಅಕ್ಕರೆ ಹುಟ್ಟಿತು.

ಅಂಗಿ ಬಿಚ್ಚಿಟ್ಟು ಗ್ಲಾಸನ್ನೇ ಇಳಿಸಿದರು. ರಬ್ಬರಿನ ಕೆಳಗೆ ತಗಡು ತುಕ್ಕು ಹಿಡಿದು ತೂತಾಗಿತ್ತು. ಅಷ್ಟು ಹಳೇ ಗ್ಲಾಸು ಒಡೆದರೆ ಬೇರೆ ಸಿಗುವುದಿಲ್ಲ, ಮರುದಿನವೇ ಬಳ್ಳಾರಿಗೆ ಹೋಗಬೇಕು. ತೂತು ಮುಚ್ಚಿ, ಬಣ್ಣ ಬಳಿದು ಒಣಗಿಸಿ, ಹೊಸ ರಬ್ಬರಿನ ಸಂದಿಯಲ್ಲಿ ತೆಳು ಹಗ್ಗ ಇಟ್ಟರು. ಹೊರಗೆ ನಾನು ಗ್ಲಾಸು ಒತ್ತಿ ಹಿಡಿದೆ, ಒಳಗೆ ಅವರು ಹಗ್ಗ ಎಳೆಯುತ್ತ ರಬ್ಬರನ್ನು ಕೂರಿಸುತ್ತ ಹೋದರು. ಆಮೇಲೆ ಮತ್ತೆ ಬಾಗಿಲಿಗೆ ಒರಗಿ ಪರೀಕ್ಷೆ. ತೋಯಲಿಲ್ಲ.

ಹೆಂಡತಿ ಬಳ್ಳಾರಿಗೆ ಬರುತ್ತಲೇ ಇದ್ದಳು. ಆದರೆ ತಿಂಗಳುಗಟ್ಟಲೆ ಮಳೆಯೇ ಇಲ್ಲ. ದಾರಿಯಲ್ಲಿ ಕಂಡಾಗಲೆಲ್ಲ ಮೇಸ್ತ್ರಿ ಕೈ ಅಡ್ಡ ಹಾಕಿ, "ಮಳಿ ಸಿಕ್ಕತೇನ್ರಿ?" ಎಂದು ಕೇಳುವರು. ಸಿಕ್ಕಿರಲಿಲ್ಲ.

ಮೊನ್ನೆ ಮೇಸ್ತ್ರಿ ಎದೆನೋವು ಬಂದು ತೀರಿಹೋದರು. ಮರುದಿನ ನಮ್ಮ ಬಳ್ಳಾರಿಯ ದಿನ. ಆ ಸುದ್ದಿ ಹೊತ್ತು ಅವಳು ಆಸ್ಪತ್ರೆಯ ಮಂಚ ಹತ್ತುವುದು ಬೇಡವೆಂದು ನಾನು ಅವಳಿಗೆ ತಿಳಿಸಲಿಲ್ಲ. ವಾಪಸು ಬರುವಾಗ ರಸ್ತೆಯೇ ಕಾಣದ ಹಾಗೆ ಮಳೆ ಹುಯ್ಯಿತು. ಅವಳು ಬಾಗಿಲಿಗೆ ತಲೆ ಕೊಟ್ಟು ನಿದ್ದೆಹೋದಳು. ಮನೆ ಮುಂದೆ ನಿಲ್ಲಿಸಿದಾಗ ಎಚ್ಚರಾಗಿ, ಹೆಗಲು ಮುಟ್ಟಿ ನೋಡಿಕೊಂಡಳು.

"ಒಂದ್ ಹನಿನೂ ಬಿದ್ದಿಲ್ರಿ. ನಾಳೆ ಹೋಗಿ ಮೇಸ್ತ್ರಿಗೆ ಹೇಳಿ ಬರ್ರಿ."

"ಹೇಳ್ತೀನಿ" ಅಂದೆ.