ಕ್ಯಾಲೆಂಡರಿನ ಹಿಂದಿನ ಬಿರುಕು

ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ, ಒಂದು ಬೆಳಿಗ್ಗೆ ನಮ್ಮ ಮನೆಯವರೆಲ್ಲ ಲಿಂಗರಾಜಪುರದ ಸ್ಮಶಾನದಲ್ಲಿ ಒಂದು ಕಾಗೆಗಾಗಿ ಕಾಯುತ್ತ ನಿಂತಿದ್ದೆವು. ಅಮ್ಮ ತೀರಿಕೊಂಡ ಮೂರನೆಯ ದಿನ ಅದು. ಅವಳನ್ನು ಮಣ್ಣು ಮಾಡಿದ ಜಾಗದಲ್ಲಿ ಹಾಲು ತುಪ್ಪ ಬಿಟ್ಟು, ಅವಳಿಗಿಷ್ಟವಾದ ಚಿತ್ರಾನ್ನ, ವಡೆಯನ್ನು ಬಾಳೆಯೆಲೆಯಲ್ಲಿ ಇಟ್ಟಿದ್ದೆವು. ಕಾಗೆ ಮುಟ್ಟಿದರೆ ಸತ್ತವರಿಗೆ ತೃಪ್ತಿ, ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದು ನಮ್ಮವರ ನಂಬಿಕೆ.

ಅಮ್ಮ, ಅಕ್ಕ ಇಬ್ಬರೂ ಒಂದೇ ಕಟ್ಟಡದಲ್ಲಿ ಅಂಗಿ ಹೊಲಿಯುತ್ತಿದ್ದರು. ಮೂರು ಮಹಡಿಯ ಆ ಹಳೆಯ ಕಟ್ಟಡದ ಮೇಲೆ ಮಾಲೀಕ ಇನ್ನೊಂದು ಮಹಡಿ ಏರಿಸುತ್ತಿದ್ದ. ಇಡೀ ಕಟ್ಟಡ ಕುಸಿಯಿತು. ನೀರು ಕುಡಿಯಲು ಹೊರಗಿನ ನಲ್ಲಿಗೆ ಹೋಗಿದ್ದ ಅಕ್ಕ ಉಳಿದಳು. ಅಮ್ಮನೂ ಅವಳ ಹೊಲಿಗೆ ಮೆಷಿನ್ನಿನ ಸಾಲಿನವರೂ ಉಳಿಯಲಿಲ್ಲ. ಎಷ್ಟು ಸಲ ತಲೆಗೆ ನೀರು ಹಾಕಿಕೊಂಡರೂ ಅಕ್ಕನ ಕೂದಲಿನಿಂದ ಸಿಮೆಂಟಿನ ವಾಸನೆ ಹೋಗಿರಲಿಲ್ಲ.

ಕಾಗೆಗಳು ಕಾಂಪೌಂಡಿನ ಮೇಲೆ ಸಾಲಾಗಿ ಕೂತಿದ್ದವು. ಒಂದೂ ಇಳಿಯಲಿಲ್ಲ. ಬಿಸಿಲೇರಿತು, ಊದುಬತ್ತಿ ಉರಿದು ಮುಗಿಯಿತು, ವಡೆಗೆ ಇರುವೆ ಮುತ್ತಿತು. ದೊಡ್ಡವರು ಕೈಮುಗಿದು ಅಮ್ಮನಿಗೆ ಮಾತು ಕೊಡತೊಡಗಿದರು.

"ಮಗನ್ನ ಚೆನ್ನಾಗಿ ಓದಿಸ್ತೀನಿ ಕಣೇ, ಬಾರೇ," ಎಂದರು ಅಪ್ಪ.

"ಮಗಳ ಮದುವೆ ನಾನು ನಿಂತು ಮಾಡ್ತೀನಮ್ಮ," ಎಂದರು ಅತ್ತೆ.

ಕಾಗೆ ಕದಲಲಿಲ್ಲ.

ಅಷ್ಟರಲ್ಲಿ ಕಟ್ಟಡದ ಮಾಲೀಕ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಗುಲಾಬಿ ಹಾರ, ಜೊತೆಗೊಬ್ಬ ಫೋಟೊ ತೆಗೆಯುವವನು. "ಏನ್ ಮಾಡೋದಮ್ಮ, ಎಲ್ಲ ವಿಧಿ," ಎಂದು ಅಕ್ಕನ ತಲೆ ಸವರಲು ಕೈ ಚಾಚಿದ.

ಅಕ್ಕ ಆ ಕೈಯನ್ನು ತಳ್ಳಿದಳು. "ವಿಧಿ ಅಲ್ಲ ಸಾರ್, ನಿಮ್ಮ ನಾಲ್ಕನೇ ಫ್ಲೋರು! ಗೋಡೆ ಬಿರುಕು ಬಿಟ್ಟಿದೆ ಅಂತ ಅಮ್ಮ ನಿಮಗೆ ತೋರಿಸ್ಲಿಲ್ವಾ? ನೀವೇನ್ ಮಾಡಿದ್ರಿ? ಅದರ ಮೇಲೆ ದೇವರ ಕ್ಯಾಲೆಂಡರ್ ತಂದು ನೇತು ಹಾಕಿದ್ರಿ!"

"ಸುಮ್ನಿರಮ್ಮ, ಸತ್ತೋರ ಮುಂದೆ ಜಗಳ ಆಡ್ತಾರಾ?" ಎಂದರು ಅತ್ತೆ.

"ಅವಳ ಮುಂದೇನೇ ಆಡ್ಬೇಕು ಅತ್ತೆ." ಅಕ್ಕ ಎಲೆಯ ಕಡೆ ತಿರುಗಿದಳು. "ಅಮ್ಮಾ, ನಾನು ಬಾಯಿ ಮುಚ್ಕೊಂಡಿರಲ್ಲ. ಎಲ್ಲಿ ಬೇಕಾದ್ರೂ ಹೇಳ್ತೀನಿ. ಈಗ ಉಣ್ಣು."

ಮಾಲೀಕ ಹಾರವನ್ನು ಜೊತೆಯವನ ಕೈಗೆ ತುರುಕಿ ಹೊರಟ.

ಆಗಲೇ ಕಾಗೆಯೊಂದು ಇಳಿದು ವಡೆ ಕಚ್ಚಿಕೊಂಡು ಹಾರಿತು ಎಂದು ನನ್ನ ನೆನಪು. ಆ ನೆನಪಿನ ಮೇಲೆ ನನಗೇ ನಂಬಿಕೆಯಿಲ್ಲ. ಕಾಗೆಗಳು ಅಷ್ಟು ಸರಿಯಾದ ಹೊತ್ತಿಗೆ ಬರುವುದಿಲ್ಲ. ಅಕ್ಕನನ್ನು ಕೇಳಿದರೆ, "ಯಾವ ಕಾಗೇನೂ ಬರ್ಲಿಲ್ಲ ಕಣೋ," ಎನ್ನುತ್ತಾಳೆ. ಕಾಗೆಯನ್ನು ನೀವೂ ನಂಬಬೇಡಿ. ಕ್ಯಾಲೆಂಡರನ್ನು ನಂಬಿ. ಅಕ್ಕ ಅದನ್ನು ಪೊಲೀಸರಿಗೆ ಹೇಳಿದಳು, ಕೋರ್ಟಿನಲ್ಲಿ ಹೇಳಿದಳು. ಮಾಲೀಕನಿಗೆ ಒಂದು ದಿನವೂ ಜೈಲಾಗಲಿಲ್ಲ. ನನ್ನ ಸಿಟ್ಟು ಇಂದಿಗೂ ಆರಿಲ್ಲ.

ನಿಮ್ಮ ಕಾಲದ ಕಟ್ಟಡಗಳಿಗೆ ಲಿಫ್ಟಿದೆ, ಥಳಥಳಿಸುವ ಗಾಜಿದೆ. ಮಾಲ್‌ಗೆ ಹೋದರೆ ತಾತ ಅಂಗಡಿ ಬಿಟ್ಟು ಗೋಡೆ ನೋಡುತ್ತಾನೆಂದು ನಗುತ್ತೀರಿ. ನಗಿ. ಆದರೆ ನಿಮ್ಮ ಶಾಲೆಯ ಗೋಡೆಯಲ್ಲಿ ಇವತ್ತು ಬಿರುಕು ಕಂಡು, ನಾಳೆ ಅಲ್ಲೊಂದು ಚೆಂದದ ಚಿತ್ರ ನೇತಾಡುತ್ತಿದ್ದರೆ, ಕೂಗಿ ಹೇಳಿ. ದೊಡ್ಡವರು ಸುಮ್ಮನಿರು ಎಂದರೆ ಇನ್ನೂ ಜೋರಾಗಿ ಕೂಗಿ.