ಮಹಾಪೌರಬಾಯಿಯೂ ಸಿದ್ರಾಮಪ್ಪನ ಟಾವೆಲ್ಲೂ

ಮೈ ಒರೆಸುವುದು ಟಾವೆಲ್ಲಿನ ಚಿಲ್ಲರೆ ಕೆಲಸ. ಅದರ ದೊಡ್ಡ ಕೆಲಸ ನೋಡಬೇಕೆಂದರೆ ನೀವು ನಮ್ಮ ಸೊಲ್ಲಾಪುರದ ಎಸ್‌ಟಿ ಸ್ಟ್ಯಾಂಡಿಗೆ ಬರಬೇಕು. ಬಸ್ಸು ಬಂದು ಇನ್ನೂ ಸರಿಯಾಗಿ ನಿಂತಿರುವುದಿಲ್ಲ, ಅಷ್ಟರಲ್ಲಿ ಕಿಟಕಿಗಳ ಕೆಳಗೆ ಜನ ಓಡುತ್ತಿರುತ್ತಾರೆ. ಒಬ್ಬೊಬ್ಬರ ಕೈಯಿಂದ ಒಂದೊಂದು ಟಾವೆಲ್ಲು ಹಾರಿ ಒಳಗಿನ ಸೀಟಿನ ಮೇಲೆ ಬೀಳುತ್ತದೆ. ಬಿತ್ತೆಂದರೆ ಮುಗಿಯಿತು, ಸೀಟು ಅವರದು. ಆಮೇಲೆ ಅವರು ನಿಧಾನವಾಗಿ ಚಹಾ ಕುಡಿದು, ಎಲೆ ಅಡಿಕೆ ಹಾಕಿಕೊಂಡು, ಸಿಕ್ಕವರೊಡನೆ ಮಗಳ ಮದುವೆಯ ಮಾತು ಮುಗಿಸಿ ಬಂದರೂ ಆ ಜಾಗದಲ್ಲಿ ಮತ್ತೊಬ್ಬರು ಕೂತಿರುವುದಿಲ್ಲ.

ಟಾವೆಲ್ಲು ಮಾರಿ ಹೊಟ್ಟೆ ಹೊರೆಯುವ ನನಗೆ ಈ ನೋಟ ಬಲು ಹೆಮ್ಮೆಯದು. ಹಿಂದಿನ ಅರಸರು ಯಜ್ಞದ ಕುದುರೆ ಬಿಡುತ್ತಿದ್ದರಂತೆ, ಅದು ತುಳಿದ ನೆಲವೆಲ್ಲ ಅವರದಾಗುತ್ತಿತ್ತಂತೆ. ಆದರೆ ಕುದುರೆಯ ಬೆನ್ನಿಗೆ ದಂಡು ಇರುತ್ತಿತ್ತು. ನಮ್ಮ ಟಾವೆಲ್ಲಿನ ಬೆನ್ನಿಗೆ ದಂಡಿಲ್ಲ, ಕಾಯ್ದೆಯೂ ಇಲ್ಲ. ಎತ್ತಿ ಪಕ್ಕಕ್ಕಿಟ್ಟು ಕೂತರೆ ಯಾರೂ ಜೈಲಿಗೆ ಹಾಕುವುದಿಲ್ಲ. ಆದರೂ ಯಾರೂ ಎತ್ತುವುದಿಲ್ಲ. ಇಷ್ಟು ಪೀಠಿಕೆ ಏಕೆಂದರೆ, ನಮ್ಮ ಹೊಸ ಮಹಾಪೌರರು ಪ್ರಾಮಾಣಿಕರೋ ಅಲ್ಲವೋ ಎಂಬ ನಮ್ಮ ಗಲ್ಲಿಯ ದೊಡ್ಡ ವ್ಯಾಜ್ಯ ಕೊನೆಗೆ ಇಂಥದೊಂದು ಟಾವೆಲ್ಲಿನ ಮುಂದೆಯೇ ತೀರಿತು.

ಮಹಾಪೌರ ಎಂದರೆ ಮೇಯರು. ನಮ್ಮ ಕಡೆ ಮರಾಠಿಯ ಈ ಮಾತೇ ಚಾಲ್ತಿ. ಈ ಸಲ ಬಂದವರು ಹೆಣ್ಣುಮಗಳು. ಹೆಂಗಸರನ್ನು ಗೌರವದಿಂದ ‘ಬಾಯಿ’ ಎನ್ನುವುದೂ ಮರಾಠಿಯ ರೂಢಿಯೇ, ಹೀಗಾಗಿ ಅವರು ಮಹಾಪೌರಬಾಯಿ. ತಾಯಿ ಬೀಡಿ ಕಟ್ಟಿ ಓದಿಸಿದ ಮಗಳಂತೆ, ರಾಜಕೀಯಕ್ಕೆ ಬರುವ ಮೊದಲು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರಂತೆ. ಬಂದವರೇ ಎರಡು ಕೆಲಸ ಮಾಡಿದರು. ಪಾಲಿಕೆಯ ಕಾರನ್ನು ಪಾಲಿಕೆಯ ಅಂಗಳದಲ್ಲೇ ನಿಲ್ಲಿಸಿ ಸಿಟಿ ಬಸ್ಸಿನಲ್ಲಿ ಓಡಾಡತೊಡಗಿದರು. ಬಸ್ಸುಗಳ ಅವಸ್ಥೆಯನ್ನು ಕಣ್ಣಾರೆ ಕಂಡ ಮೇಲೆ, ಹೊಸ ಬಸ್ಸು ತರಬೇಕು, ಅದಕ್ಕಾಗಿ ಘರಪಟ್ಟಿ, ಅಂದರೆ ಮನೆ ಅಂಗಡಿಗಳ ಮೇಲಿನ ತೆರಿಗೆ, ಏರಿಸಬೇಕು ಎಂದರು. ಮೊದಲನೆಯದಕ್ಕೆ ಊರೆಲ್ಲ ಚಪ್ಪಾಳೆ ತಟ್ಟಿತು. ಎರಡನೆಯದನ್ನು ಕೇಳಿ, ತಟ್ಟಿದ ಕೈಗಳೆಲ್ಲ ಕಿಸೆ ಹಿಡಿದುಕೊಂಡವು.

ನಮ್ಮ ಗಲ್ಲಿಯ ನ್ಯಾಯಪೀಠ ನನ್ನ ಅಂಗಡಿಯ ಮುಂದಿನ ಕಟ್ಟೆ. ಸಂಜೆ ಗಿರಾಕಿ ತೆಳುವಾದ ಮೇಲೆ ಅಲ್ಲಿ ಚಹಾ ಬರುತ್ತದೆ, ಚಹಾದ ಹಿಂದೆ ವಾದ ಬರುತ್ತದೆ. ಮುಖ್ಯ ನ್ಯಾಯಾಧೀಶ ಸಿದ್ರಾಮಪ್ಪ, ನನ್ನ ಬಾಲ್ಯದ ಗೆಳೆಯ, ಟಾವೆಲ್ ಕಾರಖಾನೆಯ ಮಾಲಕ. ಯಾವುದನ್ನೂ ಸುಮ್ಮನೆ ನಂಬಿ ಅವನಿಗೆ ರೂಢಿಯಿಲ್ಲ. ನೂಲು ಬಂದರೆ ಒಂದು ಎಳೆ ಕಿತ್ತು, ಕಡ್ಡಿ ಗೀರಿ, ಸುಟ್ಟು ನೋಡುತ್ತಾನೆ. ಅಪ್ಪಟ ಹತ್ತಿಯಾದರೆ ಬೂದಿಯಾಗುತ್ತದೆ, ಪಾಲಿಸ್ಟರ್ ಬೆರೆಸಿದ್ದರೆ ಕರಗಿ ಗಂಟು ಕಟ್ಟುತ್ತದೆ. ವ್ಯಾಪಾರದಲ್ಲಿ ಇದು ಒಳ್ಳೆಯ ಅಭ್ಯಾಸ. ಅವನು ಮನುಷ್ಯರ ಮೇಲೂ ಇದನ್ನೇ ನಡೆಸುತ್ತಾನೆ. ಅಳಿಯನನ್ನು ನೋಡಲು ಹೋದಾಗ ಆ ಹುಡುಗನ ಅಂಗಿಯ ಎಳೆ ಕಿತ್ತಿದ್ದನೆಂದು ಅವನ ಹೆಂಡತಿ ಇಂದಿಗೂ ಹೇಳುತ್ತಾಳೆ.

“ಬಸ್ಸಿನ್ಯಾಗ ಓಡ್ಯಾಡಿದವರೆಲ್ಲಾ ಸಂತರಾದ್ರ, ಮೊದಲ ಕಂಡಕ್ಟರಗ ಗುಡಿ ಕಟ್ಟಬೇಕಾಗ್ತದ,” ಎಂದು ಅವನು ವಾದ ಶುರು ಮಾಡಿದ. ಊರಿನ ಘರಪಟ್ಟಿ ಏರಿಸುವವಳು ತನ್ನ ಮನೆಯ ಘರಪಟ್ಟಿ ಕಟ್ಟಿದ್ದಾಳೆಯೇ ಎಂಬುದು ಅವನ ಮುಂದಿನ ಪ್ರಶ್ನೆ. ಯಾವ ಕಚೇರಿಯಲ್ಲಿ ಯಾರನ್ನು ಹಿಡಿದನೋ, ಎರಡು ದಿನ ಬಿಟ್ಟು ಬಂದ. “ಕಟ್ಟ್ಯಾಳ. ಬಾಕಿ ಏನೂ ಇಲ್ಲ,” ಎಂದ, ಬೀಗರ ಮನೆಯಲ್ಲಿ ಯಾರೋ ತೀರಿಕೊಂಡ ಸುದ್ದಿ ಹೇಳುವವನ ಹಾಗೆ. ನಾನು ಗೆದ್ದೆನೆಂದುಕೊಳ್ಳುವಷ್ಟರಲ್ಲಿ ಧ್ವನಿ ತಗ್ಗಿಸಿ, “ಆದ್ರ ಯಾಕ ಕಟ್ಟ್ಯಾಳ? ಅದನ್ನ ಇಚಾರ ಮಾಡ್ರಿ,” ಎಂದ. ಕಟ್ಟೆಯ ಮೇಲಿದ್ದವರೆಲ್ಲ ವಿಚಾರ ಮಾಡಿದರು. ಹೌದಲ್ಲ, ತೆರಿಗೆ ಕಟ್ಟದವನು ಬರೀ ಕಳ್ಳ. ಕಟ್ಟುವವನು ಇನ್ನೆಷ್ಟು ದೊಡ್ಡ ಕಳ್ಳನಿರಬೇಕು ಎಂದು ಎಲ್ಲರಿಗೂ ಅನ್ನಿಸತೊಡಗಿತು.

ಆ ಬಾಯಿಯ ಪಕ್ಷ ಹಿಡಿದವನು ನಾನೊಬ್ಬನೇ. ಅದಕ್ಕೆ ಕಾರಣ ಚಿಕ್ಕದು. ಒಂದು ಮಧ್ಯಾಹ್ನ ಅವರು ಸಿಟಿ ಬಸ್ಸಿಗಾಗಿ ರಸ್ತೆಯಲ್ಲಿ ನಿಂತಿದ್ದನ್ನು ಸ್ಕೂಟರಿನ ಮೇಲಿಂದ ಕಂಡಿದ್ದೆ. ಅವರ ಮುಖದಲ್ಲಿ ಸಿಟ್ಟಿತ್ತು. ನಾಟಕಕ್ಕೆ ಬಸ್ಸು ಹತ್ತುವವರ ಮುಖದಲ್ಲಿ ನಗು ಇರುತ್ತದೆ, ಪೇಪರಿನಲ್ಲಿ ನೀವೂ ನೋಡಿದ್ದೀರಿ. ಬಾರದ ಬಸ್ಸಿನ ದಾರಿ ನೋಡುವ ಆ ಸಿಟ್ಟು, ದಿನವೂ ಕಾಯುವವರಿಗಲ್ಲದೆ ಬೇರೆಯವರಿಗೆ ಬರುವುದಿಲ್ಲ. ಆ ಸಿಟ್ಟಿನ ಮೇಲೆ ನನಗೆ ಗೌರವ ಹುಟ್ಟಿತು.

ಒಂದು ಸಂಜೆ ವಾದದ ಕಾವಿನಲ್ಲಿ, “ಬಾಯಿ ಅಪ್ಪಟ ಹತ್ತಿ. ಇದು ನನ್ನ ಮಾತು,” ಎಂದುಬಿಟ್ಟೆ. ನಮ್ಮ ಧಂದೆಯಲ್ಲಿ ‘ನನ್ನ ಮಾತು’ ಎನ್ನುವುದು ಹಗುರ ಸಂಗತಿಯಲ್ಲ. ಮಾಲು ನೋಡದೆ, ಬರೀ ನನ್ನ ಮಾತು ಕೇಳಿ ಹೈದರಾಬಾದಿನವರು ಗಂಟುಗಟ್ಟಲೆ ಚಾದರು ತರಿಸಿಕೊಳ್ಳುತ್ತಾರೆ. ಸಿದ್ರಾಮಪ್ಪ ಬಟ್ಟಲು ಕೆಳಗಿಟ್ಟ.

“ಮಾತ ಕೊಟ್ಟಿ ಮಲ್ಲಣ್ಣ? ಹಂಗಾದ್ರ ಇನ್ನ ಗಲ್ಲಿ ಎಲ್ಲಾ ನಿನ್ನ ಮಾತಿನ ಮ್ಯಾಲ. ಬಾಯಿ ಖರೇ ಇದ್ರ ತಕರಾರ ಇಲ್ಲದ ಘರಪಟ್ಟಿ ಕಟ್ತೀವಿ. ಸುಳ್ಳ ಇದ್ರ ಘರಪಟ್ಟಿ ವಿರುದ್ಧ ಮೋರ್ಚಾ ತೆಗೀತೀವಿ, ಅದರ ಮುಂದ ಝೇಂಡಾ ಹಿಡದ ನೀನ ನಡೀಬೇಕು. ಅದಾದ ಮ್ಯಾಲ ಈ ಕಟ್ಟಿ ಮ್ಯಾಲ ನಿನ್ನ ಮಾತಿಗೆ ಕಿಮ್ಮತ್ತಿಲ್ಲ.”

ಮನೆಗೆ ಬಂದು ಹೇಳಿದರೆ ನನ್ನಾಕೆ, “ನೀವು ಬಸ್ ಹತ್ತಿ ಎಷ್ಟ ವರ್ಷ ಆತ್ರಿ? ಊರ ಉಸಾಬರಿ ನಿಮಗ್ಯಾಕ ಬೇಕಿತ್ತು?” ಎಂದಳು. ಇನ್ನೊಂದು ಕಡಕ್ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡೆ. ಹೊರಗೆ ನಕ್ಕರೂ ಒಳಗೆ ಅಳುಕಿತ್ತು. ಅಪ್ಪನಿಂದ ನನಗೆ ಬಂದದ್ದು ಅಂಗಡಿಗಿಂತ ಹೆಚ್ಚಾಗಿ ಆ ಮಾತು. ಗುರುತು ಪರಿಚಯವಿಲ್ಲದ ಹೆಣ್ಣುಮಗಳೊಬ್ಬಳ ಸಿಟ್ಟಿನ ಮುಖ ನಂಬಿ ಅದನ್ನು ಪಣಕ್ಕಿಟ್ಟಿದ್ದೆ.

ಪರೀಕ್ಷೆಯನ್ನೂ ಸಿದ್ರಾಮಪ್ಪನೇ ಗೊತ್ತುಮಾಡಿದ. ಮಹಾಪೌರರ ತಾಯಿ ಇರುವುದು ಅಕ್ಕಲಕೋಟೆಯಲ್ಲಿ. ಮಗಳು ಆಗಾಗ ಗುರುವಾರ ನೋಡಲು ಹೋಗುತ್ತಾರೆಂಬ ಸುದ್ದಿ ತಂದಿದ್ದ. “ಊರೊಳಗಿನ ಬಸ್ಸು ಪೇಪರಿನವರಿಗೆ ಕಾಣತದ. ತವರಮನಿ ಬಸ್ಸು ಯಾರಿಗೂ ಕಾಣಂಗಿಲ್ಲ. ಅಲ್ಲಿ ಕಾರ ತಗೊಂಡ ಹೋಗ್ತಾಳೋ ಇಲ್ಲೋ ನೋಡೂಣು. ಹೆಂಗೂ ಗುರುವಾರ, ಅಲ್ಲಿ ಸ್ವಾಮಿ ಗುಡ್ಯಾಗ ದರ್ಶನಾನೂ ಆಗ್ತದ,” ಎಂದ. ದೇವರನ್ನೂ ಮಹಾಪೌರರನ್ನೂ ಒಂದೇ ತಿಕೀಟಿನಲ್ಲಿ ನೋಡುವ ಈ ಯೋಜನೆ ಪಕ್ಕಾ ವ್ಯಾಪಾರಿಯದು.

ಗುರುವಾರ ಸ್ಟ್ಯಾಂಡಿನಲ್ಲಿ ಅಕ್ಕಲಕೋಟೆಯ ಸಾಲು ಬಿಸಿಲಿನಲ್ಲಿ ಬಾಲದಂತೆ ಉದ್ದಕ್ಕೆ ನಿಂತಿತ್ತು. ಬಸ್ಸು ಬಂತು. ಸಿದ್ರಾಮಪ್ಪ ಸಾಲಿನ ಕಡೆ ಕಣ್ಣೆತ್ತಿಯೂ ನೋಡದೆ, ಹುಟ್ಟಾ ಅಭ್ಯಾಸದಂತೆ, ತಲೆಯ ಮೇಲಿದ್ದ ಕೆಂಪಂಚಿನ ಟಾವೆಲ್ಲು ತೆಗೆದು ಕಿಟಕಿಯೊಳಗೆ ಒಗೆದ. “ಮತ್ತ ನನಗ?” ಎಂದೆ. “ನೀ ಸಾಕ್ಷಿದಾರ. ನಿಂತ ಬಂದ್ರೂ ನಡೀತದ,” ಎಂದು ಚಹಾದಂಗಡಿಗೆ ಎಳೆದುಕೊಂಡು ಹೋದ. ಅಲ್ಲಿ ನಿಂತು ಇಬ್ಬರೂ ಮಹಾಪೌರರ ದಾರಿ ಕಾದೆವು. ಕಾರು ಬರಬಹುದು, ಹಿಂದೆ ಶಿಪಾಯಿ ಬರಬಹುದು ಎಂದು ಗೇಟಿನ ಕಡೆಗೇ ಕಣ್ಣು ನೆಟ್ಟಿದ್ದೆವು. ಯಾರೂ ಬರಲಿಲ್ಲ. ಸಿದ್ರಾಮಪ್ಪ ಮೀಸೆಯಡಿ ನಗುತ್ತಿದ್ದ. ಬಸ್ಸು ಹೊರಡುವ ಹೊತ್ತಾಗಿ, ಹೇಗೂ ದರ್ಶನವಾದರೂ ಆಗಲಿ ಎಂದು ಕೊನೆಯವರಾಗಿ ಹತ್ತಿದೆವು.

ಬಸ್ಸು ಕಿಕ್ಕಿರಿದಿತ್ತು. ನಡುವೆ ಒಂದೇ ಒಂದು ಸೀಟು ಖಾಲಿ, ಅದರ ಮೇಲೆ ಕೆಂಪಂಚಿನ ಟಾವೆಲ್ಲು. ಆ ಸೀಟಿಗೆ ತಾಗಿ, ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು, ಕಂಬಿ ಹಿಡಿದು ಮಹಾಪೌರಬಾಯಿ ನಿಂತಿದ್ದರು. ತಲೆಯ ಮೇಲಿನ ಸೆರಗನ್ನು ಆಗಷ್ಟೇ ಸರಿಸುತ್ತಿದ್ದರು. ನಾವು ಗೇಟು ಕಾಯುತ್ತಿದ್ದಾಗ ಅವರು ಬಿಸಿಲಿಗೆ ಸೆರಗು ಹೊದ್ದು ಅದೇ ಸಾಲಿನಲ್ಲಿ ನಿಂತಿದ್ದರು.

ಕಿಟಕಿಯ ಪಕ್ಕದ ಹೆಂಗಸು, “ಕೂಡ್ರಿ ಅಕ್ಕಾರ, ಆ ಟಾವೆಲ್ ಬಾಜೂಕ ಸರಸ್ರಿ,” ಎಂದಳು.

“ಬ್ಯಾಡವ್ವಾ. ಯಾರೋ ಹಾಕ್ಯಾರ, ಬರ್ತಾರ.”

ಕಂಡಕ್ಟರನಿಗೆ ಗುರುತು ಹತ್ತಿತು. “ಬಸಾ ಮ್ಯಾಡಮ್, ಕೂಡ್ರಿ! ನೀವು ಮಹಾಪೌರ ಇದ್ದೀರಿ!”

“ಮಹಾಪೌರ ಪಾಲಿಕೆದಾಗ್ರಿ. ಇಲ್ಲಿ ನನಗಿಂತ ಟಾವೆಲ್ ಮೊದಲ ಬಂದದ,” ಎಂದರು.

ನಾನು ಗೆಳೆಯನ ಪಕ್ಕೆ ತಿವಿದೆ. “ಹೋಗೋ, ನಿನ್ನ ಸೀಟು.” ಅವನು ಪಿಸುಗುಟ್ಟಿದ: “ಯಾವ ಸೀಟು?” ಪಾಪ, ಅವನ ಸಂಕಟ ನೋಡಿ. ಹೋಗಿ ಕೂತರೆ, ಸಾಲಿನಲ್ಲಿ ನಿಂತು ಬಂದ ಮಹಾಪೌರರನ್ನು ನಿಲ್ಲಿಸಿ ಕೂತಂತಾಗುತ್ತದೆ. ‘ನಂದರಿ, ನೀವು ಕೂಡ್ರಿ’ ಎಂದರೆ, ಬಿಸಿಲಲ್ಲಿ ಬೆಂದು ಬಂದ ಅಷ್ಟೂ ಜನರ ಮುಂದೆ ತಾನು ಸಾಲು ತಪ್ಪಿಸಿದವನೆಂದು ಒಪ್ಪಬೇಕಾಗುತ್ತದೆ. ಪ್ರಾಮಾಣಿಕತೆ ಅಳೆಯಲು ಬಂದವನು ಕಿಟಕಿಯಾಚೆಯ ಜೋಳದ ಹೊಲಗಳನ್ನು ಜನ್ಮದಲ್ಲಿ ಕಾಣದವನಂತೆ ನೋಡತೊಡಗಿದ. ಕುಂಭಾರಿ ಹೋಯಿತು. ಟಾವೆಲ್ಲು ಕೂತಿತ್ತು, ನಾವು ಮೂವರೂ ನಿಂತಿದ್ದೆವು. ಅಣ್ಣನ ಪಾದುಕೆಯನ್ನು ಸಿಂಹಾಸನದ ಮೇಲಿಟ್ಟು ತಾನು ಕೆಳಗೆ ಕೂತು ರಾಜ್ಯವಾಳಿದ ತಮ್ಮನ ಕಥೆ ಚಿಕ್ಕಂದಿನಲ್ಲಿ ಕೇಳಿ, ಹೀಗೂ ಉಂಟೇ ಎಂದು ನಕ್ಕಿದ್ದೆ. ಉಂಟು, ಎಸ್‌ಟಿ ಬಸ್ಸಿನಲ್ಲಿ.

ವಳಸಂಗದಲ್ಲಿ ಕುರಿ ಕಾಯುವ ಮುದುಕನೊಬ್ಬ ಹತ್ತಿದ. ಕುರನೂರಿನವನು, ಹೆಗಲ ಮೇಲೆ ಕಂಬಳಿ, ಹಣೆಯ ತುಂಬ ದೇವರ ಭಂಡಾರದ ಅರಿಶಿನ. ಖಾಲಿ ಸೀಟು ನೋಡಿ, ಟಾವೆಲ್ಲು ಎತ್ತಿ ಹಿಡಿದು, “ಯಾರದ್ರೋ ಇದು?” ಎಂದ. ಯಾರೂ ಮಾತಾಡಲಿಲ್ಲ. ಮತ್ತೊಮ್ಮೆ ಕೇಳಿದ. ಸಿದ್ರಾಮಪ್ಪ ಇನ್ನಷ್ಟು ಮನಸ್ಸಿಟ್ಟು ಜೋಳದ ಹೊಲ ನೋಡಿದ.

“ಧಣಿ ಇಲ್ಲ ಅಂದ್ರ ನಮ್ಮ ಬೀರಪ್ಪ ದೇವ್ರ ಕೊಟ್ಟಾನ,” ಎಂದು ಮುದುಕ ಟಾವೆಲ್ಲಿನಿಂದ ಮುಖ, ಕತ್ತು ಚೆನ್ನಾಗಿ ಒರೆಸಿಕೊಂಡು, ಅದನ್ನು ಕಂಬಳಿಯ ಮೇಲೆ ಹಾಕಿಕೊಂಡು ಕೂತ. ಬಸ್ಸೆಲ್ಲ ನಕ್ಕಿತು. ಹಲ್ಲು ಕೀಳಿಸಿಕೊಂಡವನಂತೆ ಸಿದ್ರಾಮಪ್ಪನೂ ನಕ್ಕ. ಮುದುಕ ಕೂತವನೇ ತುಸು ಸರಿದು ಜಾಗ ಮಾಡಿ ಮಹಾಪೌರರಿಗೆ, “ಬಾ ತಂಗಿ, ಇಬ್ಬರೂ ಕೂಡೂಣು,” ಎಂದ. ಅವರು ಅಂಚಿನಲ್ಲಿ ಕೂತು ಅಕ್ಕಲಕೋಟೆಯವರೆಗೆ ಅವನ ಕುರಿಗಳ ಸುದ್ದಿ ಕೇಳುತ್ತ ಬಂದರು. ಅದನ್ನು ನೋಡುತ್ತ ನಿಂತ ನನಗೆ ಮನಸ್ಸು ತುಂಬಿ ಬಂತು. ಗೆದ್ದ ಸಂತೋಷ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ, ಇಂಥವರು ನಮ್ಮ ಊರಿಗೂ ಸಿಕ್ಕರಲ್ಲ ಎನ್ನಿಸಿತು.

ಇಳಿದ ಮೇಲೆ ಅವರು ನಮ್ಮ ಹತ್ತಿರವೇ ಬಂದರು. “ಕಾಕಾ, ನಿಮ್ಮ ಟಾವೆಲ್ ಮುದುಕಗ ಛಲೋ ಒಪ್ಪಿತು,” ಎಂದು ಸಿದ್ರಾಮಪ್ಪನಿಗೆ ಹೇಳಿದರು.

ಸಿದ್ರಾಮಪ್ಪ ಬೆವರಿದ. ಒರೆಸಿಕೊಳ್ಳಲು ಟಾವೆಲ್ಲಿರಲಿಲ್ಲ. “ನಂದಂತ ನಿಮಗ ಗೊತ್ತಿತ್ತೇನ್ರೀ?”

“ಸಾಲಿನ್ಯಾಗ ನಿಂತಿದ್ನಲ್ಲ. ನೀವು ಒಗದದ್ದ ನೋಡೀನಿ.”

“ಮತ್ತ ಬಸ್ಸಿನ್ಯಾಗ ಯಾಕ ಹೇಳಲಿಲ್ಲರಿ?”

ಅವರು ನಕ್ಕರು. “ಶಾಲ್ಯಾಗ ಪಾಠ ಕಲಿಸಿದ ಚಟ ನೋಡ್ರಿ. ಉತ್ತರ ನಮಗ ಗೊತ್ತಿದ್ರೂ ಹೇಳಂಗಿಲ್ಲ. ಹುಡುಗ್ರು ತಾವ ಎದ್ದ ನಿಂತ ಹೇಳಲಿ ಅಂತ ಕಾಯತೀವಿ.” ನಮಸ್ಕಾರ ಮಾಡಿ, ತಾಯಿಯ ಮನೆಯ ದಾರಿ ಹಿಡಿದರು.

ಮರಳಿ ಬರುವಾಗ ಸಿದ್ರಾಮಪ್ಪ ಬರಿದಲೆಯಲ್ಲಿ ಸಾಲಿನಲ್ಲಿ ನಿಂತ. ನಾನೂ ನಿಂತೆ. ಮುಂದೆ ಅವನ ತಕರಾರಿಲ್ಲದ ಘರಪಟ್ಟಿ ಗಲ್ಲಿಯಲ್ಲಿ ಎಲ್ಲರಿಗಿಂತ ಮೊದಲು ಹೋಯಿತು. ಬಸ್ಸುಗಳು ಬಂದ ಮೇಲೆ ಅವುಗಳ ಬಣ್ಣ, ಬ್ರೇಕು, ಬೆಲೆಗಳ ಬಗ್ಗೆ ತಕರಾರು ಮಾಡುವ ಹಕ್ಕನ್ನು ಮಾತ್ರ ಕಾದಿರಿಸಿಕೊಂಡಿದ್ದಾನೆ.

ಅಕ್ಕಲಕೋಟೆಯ ಮರುದಿನ ಕಟ್ಟೆ ತುಂಬಿತ್ತು. ಎಲ್ಲರೂ ಸಿದ್ರಾಮಪ್ಪನ ಮುಖ ನೋಡುತ್ತಿದ್ದರು. “ಬಾಯಿ ಹತ್ತಿ,” ಎಂದ. ಅಷ್ಟಕ್ಕೇ ಮುಗಿಸಬಹುದಿತ್ತು. ಚಹಾ ಒಂದು ಗುಟುಕು ಕುಡಿದು, “ಆದ್ರ ಮಲ್ಲಣ್ಣ, ನಿನ್ನೆ ಎಳಿ ಕಿತ್ತ ಸುಟ್ಟದ್ದು ಆಕೀದಲ್ಲೋ, ನಂದು,” ಎಂದ.

“ಬೂದಿ ಆತೋ, ಗಂಟ ಆತೋ?” ಎಂದು ಕೇಳಿದೆ.

ಸಿದ್ರಾಮಪ್ಪ ಉಳಿದ ಚಹಾ ಮುಗಿಸಿದ. “ಇನ್ನೂ ಹೊಗಿ ಏಳಾಕತ್ತದ,” ಎಂದ.